ಆಟಗಾರನ ಹೆಸರು ಪೋರ್ಟಲ್‌ಗೆ ಹೋಗುವ ಮುನ್ನ ಅವನ ಕ್ರೆಡಿಟ್ ಲೆಕ್ಕ ಅವನ ಕೈಗೆ ಕೊಡಿ

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಒಂದನೇ ಡಿವಿಷನ್ನಿನ ಆಡಳಿತ ಮಂಡಳಿಗೆ, ಕಾನ್ಫರೆನ್ಸ್ (ವಿಶ್ವವಿದ್ಯಾಲಯಗಳ ಲೀಗ್) ಕಮಿಷನರ್‌ಗಳಿಗೆ, ಫುಟ್‌ಬಾಲ್ ತಂಡ ನಡೆಸುವ ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಜನವರಿ 2ರಿಂದ 16ರವರೆಗೆ, ಹದಿನೈದು ದಿನ. ಅಮೆರಿಕದ ಕಾಲೇಜು ಫುಟ್‌ಬಾಲ್ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) ಆಟಗಾರನೊಬ್ಬ ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದರೆ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಬರೆಸಲು 2026ರಲ್ಲಿ ನೀವು ಕೊಟ್ಟ ಕಾಲಾವಕಾಶ ಇಷ್ಟು. ಏಪ್ರಿಲ್‌ನಲ್ಲಿದ್ದ ಎರಡನೆಯ ಅವಕಾಶವನ್ನು ತೆಗೆದು ಎಲ್ಲವನ್ನೂ ಈ ಹದಿನೈದು ದಿನಕ್ಕೆ ತುಂಬಿದ್ದೀರಿ. ಅಷ್ಟರಲ್ಲಿ 19–20 ವರ್ಷದ ಹುಡುಗ ತನ್ನ ಓದು, ದುಡ್ಡು, ಆಟ ಮೂರನ್ನೂ ತೂಗಿ ನೋಡಿ ತೀರ್ಮಾನಿಸಬೇಕು. ತೂಗಲು ಬೇಕಾದ ಕಾಗದಗಳು, ಮುಖ್ಯವಾಗಿ ಪಾಸಾದ ಕೋರ್ಸ್‌ಗಳಿಗೆ ಸಿಗುವ ಕ್ರೆಡಿಟ್‌ಗಳ ಲೆಕ್ಕ, ಅವನ ಕೈಯಲ್ಲಿ ಇರುವುದೇ ಇಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ಟೆಕ್ಸಾಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳ ಕನ್ನಡ ಮನೆಗಳ ಮಕ್ಕಳು ಇದೇ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. ಒಂದು ಕಾಲೇಜಿನಲ್ಲಿ ಪಾಸಾದ ಕೋರ್ಸನ್ನು ಇನ್ನೊಂದು ಕಾಲೇಜು ಒಪ್ಪದಿದ್ದಾಗ ಏನಾಗುತ್ತದೆ ಎಂಬುದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಫುಟ್‌ಬಾಲ್ ಅರ್ಥವಾಗದವರಿಗೂ ಈ ವಿಷಯ ಅರ್ಥವಾಗುತ್ತದೆ. ಹಾಗಾಗಿ ನಿಮಗೆ ಹೇಳಬೇಕಾದ್ದನ್ನು ಇವರ ಎದುರಿಗೇ ಹೇಳುತ್ತಿದ್ದೇವೆ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ: ಹುಡುಗರು ತಂಡ ಬದಲಿಸುವುದನ್ನು ತಡೆಯಿರಿ ಎಂದು ನಾವು ಕೇಳುತ್ತಿಲ್ಲ. ಹಳೆಯ ಪದ್ಧತಿ ಹೇಗಿತ್ತು ಎಂಬುದನ್ನು ಮರೆಯುವಂತಿಲ್ಲ. 2018ರ ಅಕ್ಟೋಬರ್ 15ಕ್ಕೆ ಮೊದಲು ಆಟಗಾರ ಬೇರೆ ಶಾಲೆಯ (ಅಮೆರಿಕದಲ್ಲಿ ವಿಶ್ವವಿದ್ಯಾಲಯಕ್ಕೂ ಶಾಲೆ ಎನ್ನುತ್ತಾರೆ) ಕೋಚ್ ಜತೆ ಮಾತಾಡಲೂ ತನ್ನ ಶಾಲೆಯ ಅನುಮತಿ ಪಡೆಯಬೇಕಿತ್ತು. ಕೋಚ್ ಮಾತ್ರ ಯಾರನ್ನೂ ಕೇಳದೆ ರಾತ್ರೋರಾತ್ರಿ ಹೊಸ ಊರಿಗೆ ಹೋಗಬಹುದಿತ್ತು. ಅನುಮತಿ ಸಿಕ್ಕಿ ಹೋದರೂ ಫುಟ್‌ಬಾಲ್‌ನಲ್ಲಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ಅಕ್ಟೋಬರ್ 15ರಂದು ಪೋರ್ಟಲ್ ಬಂತು, ಅನುಮತಿಯ ಬದಲು ತಿಳಿಸಿದರೆ ಸಾಕು ಎಂದಾಯಿತು. 2021ರ ಏಪ್ರಿಲ್‌ನಲ್ಲಿ ಒಂದು ಸಲ ಕೂರದೆಯೇ ಆಡಬಹುದೆಂಬ ವಿನಾಯಿತಿ ಕೊಟ್ಟಿರಿ. ಅದೇ ಜುಲೈ 1ರಿಂದ ಹೆಸರು, ಚಿತ್ರ, ವರ್ಚಸ್ಸಿನ (ಎನ್‌ಐಎಲ್) ಮೇಲೆ ಆಟಗಾರ ಹಣ ಗಳಿಸಬಹುದೆಂದಾಯಿತು. 2023ರ ಡಿಸೆಂಬರ್‌ನಲ್ಲಿ ಓಹಾಯೋ ಮುಂದಾಳುತನದಲ್ಲಿ ಏಳು ರಾಜ್ಯಗಳು ಹೂಡಿದ ದಾವೆಯಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಎರಡನೆಯ ಸಲ ಹೋದವರನ್ನು ಕೂರಿಸುವ ನಿಯಮಕ್ಕೂ ತಡೆ ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ, ಓದಿನಲ್ಲಿ ಅರ್ಹತೆ ಇದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು ಎಂದು ನೀವೇ ನಿಯಮ ಬರೆದಿರಿ.

ಹೀಗೆ ಬೇಲಿಗಳೆಲ್ಲ ಬಿದ್ದವು, ಬೀಳಬೇಕಾದವೂ ಆಗಿದ್ದವು. ಆದರೆ ಬಿದ್ದ ಬೇಲಿಯ ಜಾಗದಲ್ಲಿ ದಾರಿ ಮಾಡುವ ಕೆಲಸ ಆಗಲಿಲ್ಲ. ಓದಿನಲ್ಲಿ ಅರ್ಹತೆ ಇದ್ದರೆ ಎಂಬ ಆ ಮೂರು ಪದಗಳ ಹಿಂದೆ ಎಷ್ಟು ದೊಡ್ಡ ಲೆಕ್ಕವಿದೆ ಎಂದು ಹುಡುಗನಿಗೆ ಹೊರಡುವ ಮುನ್ನ ಹೇಳುವವರು ಯಾರು?

ಕೋಚ್‌ಗಳು ಟ್ರಾನ್ಸ್‌ಫರ್ ಆಟಗಾರರನ್ನೇ ಏಕೆ ಹುಡುಕುತ್ತಾರೆ ಎಂಬುದು ಗುಟ್ಟೇನಲ್ಲ. ಹೈಸ್ಕೂಲಿನಿಂದ ಬರುವ ಅಫೆನ್ಸಿವ್ ಲೈನ್‌ಮನ್‌ಗೆ (ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವನಿಗೆ) 17–18 ವರ್ಷ. ಎತ್ತರವಿರುತ್ತದೆ, ಮೈಯಲ್ಲಿ ಕಸುವು ಇನ್ನೂ ತುಂಬಿರುವುದಿಲ್ಲ. ಅವನು ಮೊದಲ ಸಾಲಿನಲ್ಲಿ ನಿಲ್ಲಲು ಎರಡು ಮೂರು ವರ್ಷ ಬೇಕು. ಪೋರ್ಟಲ್‌ನಿಂದ ಬರುವವನಿಗೆ 21 ವರ್ಷ, ವ್ಯಾಯಾಮಶಾಲೆಯಲ್ಲಿ ಮೂರು ವರ್ಷ ದುಡಿದ ಮೈ, ಕಾಲೇಜು ಮಟ್ಟದ ಎದುರಾಳಿಗಳ ಮುಂದೆ ಆಡಿದ ನೂರಾರು ಸ್ನ್ಯಾಪ್‌ಗಳ (ಚೆಂಡು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಸರದಿಯ) ವಿಡಿಯೊ. ಎರಡು ಸೀಸನ್ ಸೋತರೆ ಕೆಲಸ ಹೋಗುವ ಕೋಚ್ ಯಾರನ್ನು ಆರಿಸುತ್ತಾನೆ? ಅದನ್ನು ತಪ್ಪು ಎನ್ನಲಾಗದು.

ಫಲಿತಾಂಶವೂ ಅವರ ಪರವೇ ಇದೆ. 2017ರಿಂದ 2025ರವರೆಗೆ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ ಒಂಬತ್ತು ಮಂದಿಯಲ್ಲಿ ಏಳು ಮಂದಿ ಶಾಲೆ ಬದಲಿಸಿದವರು: ಬೇಕರ್ ಮೇಫೀಲ್ಡ್, ಕೈಲರ್ ಮರೇ, ಜೋ ಬರೋ, ಕೇಲಬ್ ವಿಲಿಯಮ್ಸ್, ಜೇಡನ್ ಡೇನಿಯಲ್ಸ್, ಟ್ರ್ಯಾವಿಸ್ ಹಂಟರ್, ಫರ್ನಾಂಡೊ ಮೆಂಡೋಜಾ. ನಡುವೆ 2020ರ ಡೆವಾಂಟ ಸ್ಮಿತ್, 2021ರ ಬ್ರೈಸ್ ಯಂಗ್ ಇಬ್ಬರೇ ಸೇರಿದ ಶಾಲೆಯಲ್ಲೇ ಉಳಿದವರು. 2025ರ ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ ಓಹಾಯೋ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುತ್ತಾ ತಂಡದ ಆಟ ನಡೆಸುವವ) ವಿಲ್ ಹೋವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ ಬಂದವ, ನೊಟ್ರ ಡೇಮ್‌ನ ರೈಲಿ ಲೆನರ್ಡ್ ಡ್ಯೂಕ್‌ನಿಂದ ಬಂದವ. ಮರುವರ್ಷ ಇಂಡಿಯಾನಾ 27–21ರಿಂದ ಮಿಯಾಮಿಯನ್ನು ಸೋಲಿಸಿದಾಗಲೂ ಎರಡೂ ಕಡೆಯ ಕ್ವಾರ್ಟರ್‌ಬ್ಯಾಕ್‌ಗಳು ಬೇರೆ ಶಾಲೆಯಿಂದ ಬಂದವರೇ; ಮೆಂಡೋಜಾ ಬರ್ಕ್ಲಿಯಿಂದ, ಕಾರ್ಸನ್ ಬೆಕ್ ಜಾರ್ಜಿಯಾದಿಂದ. ಆ ಇಂಡಿಯಾನಾ ತಂಡದ ಅಡಿಪಾಯವೇ ಕೋಚ್ ಕರ್ಟ್ ಸಿಗ್ನೆಟಿ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಜತೆಗೆ ಕರೆತಂದ ಹುಡುಗರು.

ಇನ್ನು ಕ್ಯಾಮ್ ವಾರ್ಡ್. ಹೈಸ್ಕೂಲ್ ಮುಗಿಸಿದಾಗ ದೊಡ್ಡ ಶಾಲೆಗಳು ತಿರುಗಿಯೂ ನೋಡಲಿಲ್ಲ. ಸ್ಯಾನ್ ಆಂಟೋನಿಯೊದ ಇನ್‌ಕಾರ್ನೇಟ್ ವರ್ಡ್ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ ಆಡಿ, ಅಲ್ಲಿಂದ ವಾಷಿಂಗ್ಟನ್ ಸ್ಟೇಟ್‌ಗೆ, ಅಲ್ಲಿಂದ ಮಿಯಾಮಿಗೆ ಹೋಗಿ, 2025ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಆಯ್ಕೆಯಾದ. ಹಳೆಯ ನಿಯಮವಿದ್ದಿದ್ದರೆ ಈ ದಾರಿ ಮುಚ್ಚಿರುತ್ತಿತ್ತು. ಬಾಗಿಲು ಮುಚ್ಚಿ ಎನ್ನುವವರಿಗೆ ನಮ್ಮ ಉತ್ತರ ಇವನೇ.

ಆದರೆ ವಾರ್ಡ್‌ನ ಹೆಸರು ಎಲ್ಲರಿಗೂ ಗೊತ್ತು. ಅವನಂತೆಯೇ ಪೋರ್ಟಲ್‌ಗೆ ಹೋಗಿ ಎಲ್ಲೂ ಜಾಗ ಸಿಗದೆ ಉಳಿದವರ ಹೆಸರು ಯಾರಿಗೂ ಗೊತ್ತಿಲ್ಲ. ಪೋರ್ಟಲ್ ಅಂದರೆ ಸಂತೆಯೂ ಅಲ್ಲ, ಕೆಲಸ ಕೊಡಿಸುವ ಕಚೇರಿಯೂ ಅಲ್ಲ. ಅದೊಂದು ದತ್ತಾಂಶದ ಪಟ್ಟಿ. ಆಟಗಾರ ತನ್ನ ಶಾಲೆಯ ಕಂಪ್ಲಯನ್ಸ್ (ನಿಯಮಪಾಲನೆ) ಕಚೇರಿಗೆ ಲಿಖಿತವಾಗಿ ತಿಳಿಸುತ್ತಾನೆ; ಎರಡು ಕೆಲಸದ ದಿನಗಳೊಳಗೆ ಅಲ್ಲಿಯ ಸಿಬ್ಬಂದಿ ಒಂದು ಸಾಲು ತುಂಬುತ್ತಾರೆ. ಹೆಸರು, ಶಾಲೆ, ಆಟ, ದಾಖಲಾದ ದಿನ, ಪದವಿ ಮುಗಿದಿದೆಯೇ ಇಲ್ಲವೇ, ತನ್ನನ್ನು ಸಂಪರ್ಕಿಸಬೇಡಿ ಎಂಬ ಗುರುತು ಬೇಕೇ. ಮುಂದೆ ಆ ಸಾಲಿನ ಎದುರು ಮೂರರಲ್ಲೊಂದು ಸ್ಥಿತಿ ಕಾಣುತ್ತದೆ: ಸಕ್ರಿಯ, ಹಿಂತೆಗೆತ, ಅಥವಾ ಬೇರೆಡೆ ಸೇರ್ಪಡೆ. ಆ ಸಾಲು ತುಂಬಿದ ಕ್ಷಣದಿಂದ ಬೇರೆ ಕೋಚ್‌ಗಳು ಅವನಿಗೆ ಫೋನ್ ಮಾಡಬಹುದು. ಅದೇ ಕ್ಷಣದಿಂದ ಹಳೆಯ ಶಾಲೆ ಅವನ ಜಾಗವನ್ನು ಇನ್ನೊಬ್ಬನಿಗೆ ಕೊಡಬಹುದು, ನಡೆಯುತ್ತಿರುವ ಅವಧಿ ಮುಗಿದ ಮೇಲೆ ವಿದ್ಯಾರ್ಥಿವೇತನ ನಿಲ್ಲಿಸಬಹುದು. ಮನಸ್ಸು ಬದಲಾಗಿ ವಾಪಸ್ ಬರುತ್ತೇನೆಂದರೆ ಸೇರಿಸಿಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ. ಬಹಳ ಹುಡುಗರು ಇದನ್ನು ತಿಳಿಯುವುದು ಸಾಲು ತುಂಬಿದ ಮೇಲೆ.

ಈಗ ಆ ಹದಿನೈದು ದಿನಗಳನ್ನು ಕ್ಯಾಲೆಂಡರ್ ಮೇಲಿಟ್ಟು ನೋಡಿ. ಹೈಸ್ಕೂಲ್ ಹುಡುಗರು ಸಹಿ ಹಾಕುವುದು ಡಿಸೆಂಬರ್ ಮೊದಲ ವಾರ. 2025ರಲ್ಲಿ ಡಿಸೆಂಬರ್ 3. ಪೋರ್ಟಲ್ ತೆರೆಯುವುದು ಜನವರಿ 2. ಅಂದರೆ ತನ್ನ ತಂಡದಿಂದ ಎಷ್ಟು ಜನ ಹೋಗುತ್ತಾರೆ, ಎಷ್ಟು ಜನ ಬರುತ್ತಾರೆ ಎಂದು ತಿಳಿಯುವ ಒಂದು ತಿಂಗಳು ಮೊದಲೇ ಕೋಚ್ ಹೈಸ್ಕೂಲ್ ಹುಡುಗರಿಗೆ ಎಷ್ಟು ಜಾಗ ಕೊಡಬೇಕೆಂದು ನಿರ್ಧರಿಸಬೇಕು. ಗೊತ್ತಿಲ್ಲದಾಗ ಯಾರಾದರೂ ಕೈ ಬಿಗಿಹಿಡಿಯುತ್ತಾರೆ. ಮೊದಲು ವರ್ಷಕ್ಕೆ 25 ಹೊಸಬರ ಮಿತಿ ಇದ್ದ ಕಾಲದಲ್ಲಿ ಆ 25ರಲ್ಲಿ ಬಹುಪಾಲು ಹೈಸ್ಕೂಲಿನವರೇ ಇರುತ್ತಿದ್ದರು. ಆ ಮಿತಿ ಹೋಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ, ಆಟಗಾರರ ಸಂಭಾವನೆ ಕುರಿತ ಹೌಸ್ ಮೊಕದ್ದಮೆಯ ರಾಜಿಯಿಂದ 85 ವಿದ್ಯಾರ್ಥಿವೇತನಗಳ ಮಿತಿಯೂ ಹೋಗಿ, ತಂಡದಲ್ಲಿ ಒಟ್ಟು 105 ಜನ ಎಂಬ ಮಿತಿ ಬಂತು. ಮೊದಲು ವಿದ್ಯಾರ್ಥಿವೇತನವಿಲ್ಲದೆ ಸೇರಿ, ಬೆವರು ಸುರಿಸಿ ಜಾಗ ಗಿಟ್ಟಿಸುತ್ತಿದ್ದ ವಾಕ್-ಆನ್ ಹುಡುಗರಿಗೆ ಹೊಡೆತ ಬಿದ್ದದ್ದು ಇಲ್ಲಿ. ಹೀಗೆ ಪಟ್ಟಿಯ ಕೊನೆಯ ಜಾಗಗಳು ಹೈಸ್ಕೂಲ್ ಹುಡುಗರಿಗೂ ಇಲ್ಲ, ವಾಕ್-ಆನ್‌ಗಳಿಗೂ ಇಲ್ಲ. ಜನವರಿಯಲ್ಲಿ ಬರುವ ಅನುಭವಿಗಾಗಿ ಖಾಲಿ ಕಾಯುತ್ತವೆ.

ಇನ್ನೊಂದು ಕಡೆ ಪ್ಲೇಆಫ್, ಅಂದರೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯಗಳು. 2025–26ರಲ್ಲಿ ಕ್ವಾರ್ಟರ್‌ಫೈನಲ್ ಪಂದ್ಯಗಳು ಡಿಸೆಂಬರ್ 31 ಮತ್ತು ಜನವರಿ 1ಕ್ಕೆ, ಸೆಮಿಫೈನಲ್ ಜನವರಿ 8 ಮತ್ತು 9ಕ್ಕೆ, ಫೈನಲ್ 19ಕ್ಕೆ. ಸೆಮಿಫೈನಲ್‌ಗೆ ಅಭ್ಯಾಸ ಮಾಡುತ್ತಿರುವ ತಂಡದ ಎರಡನೇ ಸಾಲಿನ ಹುಡುಗ ಅದೇ ವಾರ ಮುಂದಿನ ವರ್ಷದ ಜಾಗ ಹುಡುಕಬೇಕು. 2024ರ ಡಿಸೆಂಬರ್‌ನಲ್ಲಿ ಪೆನ್ ಸ್ಟೇಟ್‌ನ ಬದಲಿ ಕ್ವಾರ್ಟರ್‌ಬ್ಯಾಕ್ ಬೋ ಪ್ರಿಬ್ಯುಲಾ ಪ್ಲೇಆಫ್ ಶುರುವಾಗುವ ಮುನ್ನವೇ ತಂಡ ಬಿಟ್ಟು ಪೋರ್ಟಲ್‌ಗೆ ಹೋಗಬೇಕಾಯಿತು; ಕಾದರೆ ಬೇರೆಡೆ ಕ್ವಾರ್ಟರ್‌ಬ್ಯಾಕ್ ಜಾಗಗಳು ತುಂಬಿಹೋಗುತ್ತಿದ್ದವು. ಪೋರ್ಟಲ್‌ನ ಕಿಟಕಿಯನ್ನು, ಅಂದರೆ ಹೆಸರು ಬರೆಸುವ ಅವಧಿಯನ್ನು, ಜನವರಿಗೆ ತಂದು, ಫೈನಲ್ ಆಡುವ ಎರಡು ತಂಡಗಳಿಗೆ 20ರಿಂದ 24ರವರೆಗೆ ಐದು ದಿನ ಹೆಚ್ಚು ಕೊಟ್ಟದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಆ ಐದು ದಿನಗಳು ಎಲ್ಲಿ ಬಿದ್ದಿವೆ ನೋಡಿ. ಸೆಮಿಸ್ಟರ್ ಪದ್ಧತಿಯ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಜನವರಿ ಎರಡು-ಮೂರನೇ ವಾರಕ್ಕೆ ತರಗತಿ ಶುರು, ಕೋರ್ಸ್ ಸೇರಿಸಿಕೊಳ್ಳುವ ಕೊನೆಯ ದಿನ ಅದಾದ ಒಂದು ವಾರದ ಆಸುಪಾಸು. ಕೋರ್ಸ್ ಸೇರುವ ಗಡುವು ಮುಗಿದ ಮೇಲೆ ಪೋರ್ಟಲ್ ಬಾಗಿಲು ತೆರೆದಿದ್ದು ಏನು ಪ್ರಯೋಜನ? ಆ ಸೆಮಿಸ್ಟರ್ ತಪ್ಪಿದರೆ ವಸಂತದ 15 ಅಭ್ಯಾಸ ದಿನಗಳೂ ತಪ್ಪಿದವು.

ಆ 15 ದಿನಗಳು ಸಣ್ಣವಲ್ಲ. ಅಫೆನ್ಸಿವ್ ಲೈನ್‌ನ ಐವರು ಒಟ್ಟಿಗೆ ಒಂದೇ ಮೈಯಂತೆ ಚಲಿಸಬೇಕು. ಎದುರಿನ ಸಾಲನ್ನು ನೋಡಿ ಸೆಂಟರ್ ಕೂಗುವ ಒಂದು ಪದಕ್ಕೆ ಗಾರ್ಡ್, ಟ್ಯಾಕಲ್ ಇಬ್ಬರೂ ಯಾರನ್ನು ತಡೆಯಬೇಕೆಂದು ಅರಿಯಬೇಕು. ಜೋನ್ ಬ್ಲಾಕಿಂಗ್ ಕಲಿತವನ ಪಾದ ಪಕ್ಕಕ್ಕೆ ಹೋಗುತ್ತದೆ, ಗ್ಯಾಪ್ ಪದ್ಧತಿಯ ತಂಡದಲ್ಲಿ ಅದೇ ಪಾದ ಒಳಕ್ಕೆ ಬರಬೇಕು, ಗಾರ್ಡ್ ಸಾಲು ಬಿಟ್ಟು ಹಿಂದಿನಿಂದ ಓಡಿ ಆಚೆ ಬದಿಗೆ ಹೋಗಬೇಕು. ಮೂರು ವರ್ಷದ ಅಭ್ಯಾಸ ಮೂರು ವಾರದಲ್ಲಿ ಬದಲಾಗದು. ಕ್ವಾರ್ಟರ್‌ಬ್ಯಾಕ್‌ನ ಕಷ್ಟ ಬೇರೆ. 2024ರಿಂದ ಎಫ್‌ಬಿಎಸ್ (ಒಂದನೇ ಡಿವಿಷನ್ನಿನ ಮೇಲಿನ ಹಂತ) ಪಂದ್ಯಗಳಲ್ಲಿ ಕೋಚ್ ಅವನ ಹೆಲ್ಮೆಟ್ಟಿನೊಳಗೇ ಮಾತಾಡಬಹುದು, ಆದರೆ ಮುಂದಿನ ಸರದಿ ಶುರುಮಾಡಲು ಕೊಡುವ ಸಮಯ ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ನಿಲ್ಲುತ್ತದೆ. ಅಷ್ಟರಲ್ಲಿ ಹೊಸ ತಂಡದ ಪ್ಲೇ ಹೆಸರು ಕೇಳಿ, ತಲೆಯಲ್ಲಿ ಹಳೆಯ ತಂಡದ ಭಾಷೆಗೆ ಬದಲಿಸಿಕೊಂಡು, ಹತ್ತು ಜನಕ್ಕೆ ಹೇಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪ್ರತಿಭೆಯಿದ್ದೂ ಹೊಸ ಊರಿನಲ್ಲಿ ಬೆಂಚು ಕಾಯುವ ಹುಡುಗರ ಹಿಂದೆ ಇಂಥ ಕಾರಣಗಳಿರುತ್ತವೆ. 2023ರಲ್ಲಿ ಕೊಲರಾಡೊ 50ಕ್ಕೂ ಹೆಚ್ಚು ಟ್ರಾನ್ಸ್‌ಫರ್‌ಗಳನ್ನು ತಂದು 4–8ರಲ್ಲಿ (4 ಗೆಲುವು, 8 ಸೋಲು) ಸೀಸನ್ ಮುಗಿಸಿತು. ಅದಕ್ಕೂ ಮುಂಚಿನ ವರ್ಷ 1–11 ಇದ್ದದ್ದರಿಂದ ಅದು ಸುಧಾರಣೆಯೇ, ಆದರೆ ಆಟಗಾರರನ್ನು ತಂದು ಸುರಿದರೆ ತಂಡವಾಗುವುದಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಇನ್ನು ಕ್ರೆಡಿಟ್‌ಗಳ ವಿಷಯ. ನಮ್ಮ ಮುಖ್ಯ ಅಹವಾಲು ಇದೇ, ಹಾಗಾಗಿ ನಿಧಾನವಾಗಿ ಹೇಳುತ್ತೇವೆ.

ನಿಮ್ಮದೇ ನಿಯಮದ ಸಾಮಾನ್ಯ ರೂಪ 40-60-80. ಮೂರನೇ ವರ್ಷ ಆರಂಭವಾಗುವ ಹೊತ್ತಿಗೆ ಪದವಿಗೆ ಬೇಕಾದ್ದರಲ್ಲಿ ಶೇ. 40, ನಾಲ್ಕನೇ ವರ್ಷಕ್ಕೆ ಶೇ. 60, ಐದನೇ ವರ್ಷಕ್ಕೆ ಶೇ. 80 ಮುಗಿದಿರಬೇಕು. ಪದವಿಗೆ 120 ಕ್ರೆಡಿಟ್ ಎಂದುಕೊಂಡರೆ 48, 72, 96. ಇಲ್ಲಿ ಎಣಿಕೆಗೆ ಬರುವುದು ಪಾಸಾದ ಎಲ್ಲ ಕ್ರೆಡಿಟ್‌ಗಳಲ್ಲ. ಆರಿಸಿಕೊಂಡ ಪದವಿಗೆ ಅನ್ವಯಿಸುವ ಕ್ರೆಡಿಟ್‌ಗಳು ಮಾತ್ರ.

ಒಂದು ಲೆಕ್ಕ ಹಾಕೋಣ. ಐದು ಸೆಮಿಸ್ಟರ್ ಮುಗಿಸಿದ ಹುಡುಗನ ಹತ್ತಿರ 75 ಕ್ರೆಡಿಟ್ ಇದೆ. ಅವನ ಶಾಲೆಯಲ್ಲಿ ಕಿನೆಸಿಯಾಲಜಿ (ದೇಹಚಲನೆಯ ಶಾಸ್ತ್ರ) ಪದವಿಗೆ ಅದರಲ್ಲಿ 70 ಅನ್ವಯವಾಗುತ್ತವೆ. ಉಳಿದುಕೊಂಡರೆ ಆಗಸ್ಟ್‌ಗೆ ಬೇಕಾದ 72ಕ್ಕೆ ಎರಡು ಕ್ರೆಡಿಟ್ ಮಾತ್ರ ಕಡಿಮೆ, ಚಿಂತೆಯಿಲ್ಲ. ಜನವರಿಯಲ್ಲಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಸಿ ಮೈನಸ್ ಬಂದ ಎರಡು ಕೋರ್ಸ್‌ಗಳನ್ನು ಒಪ್ಪುವುದಿಲ್ಲ, 69 ಉಳಿಯಿತು. ಆ 69ರಲ್ಲಿ ಐದು ಕೋರ್ಸ್‌ಗಳು ಆ ಪದವಿಯ ಪಟ್ಟಿಯಲ್ಲೇ ಇಲ್ಲ, ಖಾಲಿ ಐಚ್ಛಿಕಗಳಾಗಿ ಮಾತ್ರ ದಾಖಲಾಗುತ್ತವೆ. ಪದವಿಗೆ ಅನ್ವಯವಾದದ್ದು 54. ಶೇ. 58ರ ಆಚೆ ಇದ್ದವನು ಒಂದೇ ದಿನದಲ್ಲಿ ಶೇ. 45ಕ್ಕೆ ಇಳಿದ. ಆಗಸ್ಟ್ ಒಳಗೆ 18 ಕ್ರೆಡಿಟ್ ಬೇಕು: ವಸಂತದಲ್ಲಿ 12, ಬೇಸಿಗೆಯಲ್ಲಿ 6. ಅದೂ ಹೊಸ ಊರಿನಲ್ಲಿ, ಹೊಸ ಪ್ಲೇಬುಕ್ ಕಲಿಯುತ್ತಾ, ಬೆಳಗಿನ ವ್ಯಾಯಾಮ, ಮಧ್ಯಾಹ್ನದ ಅಭ್ಯಾಸದ ನಡುವೆ, ಒಂದು ಕೋರ್ಸಿನಲ್ಲೂ ಎಡವದೆ. ಒಂದು ಎಡವಿದರೆ ಸೆಪ್ಟೆಂಬರ್‌ನಲ್ಲಿ ಆಡುವಂತಿಲ್ಲ.

ಕ್ವಾರ್ಟರ್ ಪದ್ಧತಿಯ ಶಾಲೆಯಿಂದ ಬಂದರೆ ಗೋಜಲು ಇನ್ನೂ ಹೆಚ್ಚು. ಯುಸಿಎಲ್‌ಎ, ವಾಷಿಂಗ್ಟನ್, ಆರೆಗನ್‌ಗಳಲ್ಲಿ ವರ್ಷವನ್ನು ಕ್ವಾರ್ಟರ್‌ಗಳಾಗಿ ಭಾಗಿಸುತ್ತಾರೆ. ಕ್ವಾರ್ಟರ್ ಕ್ರೆಡಿಟ್ ಒಂದಕ್ಕೆ ಸೆಮಿಸ್ಟರ್ ಲೆಕ್ಕದಲ್ಲಿ ಮೂರನೇ ಎರಡು ಪಾಲು ಬೆಲೆ. 90 ಕ್ವಾರ್ಟರ್ ಕ್ರೆಡಿಟ್ ಅಂದರೆ 60. ಇಲ್ಲಿಯವರೆಗೆ ಬರೀ ಭಾಗಾಕಾರ. ತೊಡಕು ಕೋರ್ಸ್ ಮಟ್ಟದಲ್ಲಿದೆ: ನಾಲ್ಕು ಕ್ವಾರ್ಟರ್ ಕ್ರೆಡಿಟ್‌ನ ಸಂಖ್ಯಾಶಾಸ್ತ್ರ ಇಲ್ಲಿ 2.67 ಆಗುತ್ತದೆ, ಹೊಸ ಶಾಲೆಯ ಪದವಿಗೆ ಮೂರು ಕ್ರೆಡಿಟ್‌ನ ಸಂಖ್ಯಾಶಾಸ್ತ್ರ ಬೇಕು. ಆ 0.33ನ್ನು ಮನ್ನಾ ಮಾಡುವುದೋ ಬೇಡವೋ ಎಂದು ತೀರ್ಮಾನಿಸುವವರು ಆ ವಿಭಾಗದ ಪ್ರಾಧ್ಯಾಪಕರು. ಅವರು ರಜೆ ಮುಗಿಸಿ ಕಚೇರಿಗೆ ಬರುವುದು ತರಗತಿ ಶುರುವಾಗುವ ವಾರ. ಕೋರ್ಸ್ ವಿವರಣೆ, ಸಿಲಬಸ್ ತರಿಸಿ ಓದಲು ಇನ್ನೆರಡು ವಾರ. ಫುಟ್‌ಬಾಲ್ ವಿಭಾಗದವರು ಹುಡುಗನಿಗೆ ಸಹಿ ಹಾಕಿಸಿಕೊಳ್ಳಲು 48 ಗಂಟೆ ಸಾಕು, ಅವನ ಕ್ರೆಡಿಟ್ ಲೆಕ್ಕ ಹೇಳಲು ಆರು ವಾರವೂ ಸಾಲದು.

ಆಗ ಎಲ್ಲರೂ ಹಿಡಿಯುವ ಸುಲಭದ ದಾರಿ ಒಂದಿದೆ. ಹುಡುಗನನ್ನು ಅವನು ಓದುತ್ತಿದ್ದ ವಿಷಯದಿಂದ ತೆಗೆದು, ಯಾವ ಐಚ್ಛಿಕವನ್ನಾದರೂ ನುಂಗುವಂಥ ಸಾಮಾನ್ಯ ಅಧ್ಯಯನ ಪದವಿಗೆ ಹಾಕುವುದು. ಶೇಕಡಾವಾರು ಸರಿಹೋಗುತ್ತದೆ, ಆಡಲು ಅರ್ಹತೆ ಸಿಗುತ್ತದೆ. ಎಂಜಿನಿಯರಿಂಗ್ ಓದಬೇಕೆಂದಿದ್ದವನಿಗೆ ಅದು ಕೈಬಿಟ್ಟುಹೋಗುತ್ತದೆ. ಮತ್ತೊಂದು ಸಲ ಶಾಲೆ ಬದಲಿಸಿದರೆ ವಾಸ್ತವ್ಯದ ನಿಯಮ ಎದುರಾಗುತ್ತದೆ. ಕೊನೆಯ 30 ಕ್ರೆಡಿಟ್‌ಗಳನ್ನು ತಮ್ಮಲ್ಲೇ ಓದಿರಬೇಕು ಎನ್ನುವ ವಿಶ್ವವಿದ್ಯಾಲಯಗಳು ಬಹಳ. ಐದು ವರ್ಷ ಮುಗಿದು ಆಟದ ಅರ್ಹತೆ ತೀರಿದ ದಿನ, ಮೂರು ಶಾಲೆಗಳ ಅಂಕಪಟ್ಟಿ ಕೈಯಲ್ಲಿದ್ದು ಒಂದು ಶಾಲೆಯ ಪದವಿಯೂ ಇರುವುದಿಲ್ಲ. ಕಾಲೇಜು ಆಟಗಾರರಲ್ಲಿ ಎನ್‌ಎಫ್‌ಎಲ್ ಸೇರುವವರು ನೂರಕ್ಕೆ ಒಬ್ಬಿಬ್ಬರು. ಉಳಿದವರು ಬದುಕಬೇಕಾದದ್ದು ಆ ಪದವಿಯ ಮೇಲೆ.

ಆಸ್ಟ್ರೇಲಿಯಾದಿಂದ ಬರುವ ಪಂಟರ್‌ಗಳಂಥ (ಚೆಂಡನ್ನು ದೂರಕ್ಕೆ ಒದೆಯುವವರು) ವಿದೇಶಿ ಆಟಗಾರರಿಗೆ ಇನ್ನೂ ಒಂದು ತೊಡಕು ಇದೆ, ನಮ್ಮ ಓದುಗರಿಗೆ ಹೇಳುವುದೇ ಬೇಡ: ಎಫ್-1 ವೀಸಾ. ಹಳೆಯ ಶಾಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ವ್ಯವಸ್ಥೆ) ದಾಖಲೆಯನ್ನು ಬಿಡುಗಡೆ ಮಾಡುವ ದಿನ ನಿಗದಿಯಾಗಬೇಕು, ಹೊಸ ಶಾಲೆಯಿಂದ ವೀಸಾಕ್ಕೆ ಬೇಕಾದ ಹೊಸ ಐ-20 ಪತ್ರ ಬರಬೇಕು, ತರಗತಿ ಶುರುವಾದ 15 ದಿನಗಳೊಳಗೆ ಅಲ್ಲಿ ವರದಿ ಮಾಡಿಕೊಳ್ಳಬೇಕು. ಉಳಿದ ಆಟಗಾರರಂತೆ ಹಣದ ಒಪ್ಪಂದಕ್ಕೆ ಸಹಿ ಹಾಕಿದರೆ ಅದು ಅನುಮತಿಯಿಲ್ಲದ ಉದ್ಯೋಗ ಎಂದು ಪರಿಗಣಿತವಾಗುವ ಅಪಾಯ ಬೇರೆ. ಇವರ ವಿಷಯದಲ್ಲಿ ಸಹಿಗೆ ಮುನ್ನ ವಿದೇಶಿ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಕಡ್ಡಾಯವಾಗಲಿ.

ಹಣದ ಮಾತು ಸ್ವಲ್ಪ ಆಡಲೇಬೇಕು. 2025–26ರಲ್ಲಿ ಒಂದು ಶಾಲೆ ತನ್ನ ಎಲ್ಲ ಆಟಗಾರರಿಗೆ ಸೇರಿ ನೇರವಾಗಿ ಹಂಚಬಹುದಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್, ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್‌ಗೆ. ಹೊರಗಿನವರ ಜತೆ 600 ಡಾಲರ್ ಮತ್ತು ಹೆಚ್ಚಿನ ಒಪ್ಪಂದಗಳು ಎನ್‌ಐಎಲ್ ಗೋ ಎಂಬ ಪರಿಶೀಲನಾ ವ್ಯವಸ್ಥೆಗೆ ಹೋಗಬೇಕು. ತಪ್ಪುವುದು ಇಲ್ಲಿ: ಫೋನ್‌ನಲ್ಲಿ ಹೇಳುವ ಮೊತ್ತದಲ್ಲಿ ಶಾಲೆಯ ಪಾಲು ಎಷ್ಟು, ಇನ್ನೂ ಪರಿಶೀಲನೆಯಾಗದ ಹೊರಗಿನ ಒಪ್ಪಂದದ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಎರಡನೆಯದು ತಿರಸ್ಕೃತವಾದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ, ಅಷ್ಟರಲ್ಲಿ ಹುಡುಗ ಊರು ಬಿಟ್ಟಾಗಿರುತ್ತದೆ. ಬರುವ ಹಣ ಸಾಮಾನ್ಯವಾಗಿ ಸ್ವತಂತ್ರ ಗುತ್ತಿಗೆದಾರನಿಗೆ ಕೊಡುವ 1099 ತೆರಿಗೆ ನಮೂನೆಯದು. ತೆರಿಗೆ ಮೊದಲೇ ಕಡಿತವಾಗಿರುವುದಿಲ್ಲ. ಆದಾಯ ತೆರಿಗೆಯ ಜತೆಗೆ ಶೇ. 15.3ರ ಸ್ವಯಂ ಉದ್ಯೋಗ ತೆರಿಗೆ, ನಡುವರ್ಷ ರಾಜ್ಯ ಬದಲಿಸಿದರೆ ಎರಡು ರಾಜ್ಯಗಳ ಲೆಕ್ಕ. ಎನ್‌ಎಫ್‌ಎಲ್‌ನಲ್ಲಿ ಏಜೆಂಟ್ ಶೇ. 3ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕಾಲೇಜು ಹುಡುಗನಿಂದ ಶೇ. 10, ಶೇ. 20 ಬರೆಸಿಕೊಳ್ಳುವವರಿಗೆ ಇಡೀ ದೇಶಕ್ಕೆ ಅನ್ವಯಿಸುವ ಮಿತಿಯೇ ಇಲ್ಲ. ಈ ಮಿತಿಯನ್ನು ತರಲು ನಿಮಗೆ ಅಧಿಕಾರ ಸಾಲದಿದ್ದರೆ, ನೋಂದಾಯಿತ ಏಜೆಂಟರ ಪಟ್ಟಿ ಮತ್ತು ಅವರು ಪಡೆಯುವ ಶುಲ್ಕವನ್ನು ಪ್ರಕಟಿಸುವುದಂತೂ ಸಾಧ್ಯ.

ಇನ್ನು ಸಣ್ಣ ಶಾಲೆಗಳು. ಸನ್ ಬೆಲ್ಟ್, ಮಿಡ್-ಅಮೆರಿಕನ್, ಬಿಗ್ ಸ್ಕೈ ಕಾನ್ಫರೆನ್ಸ್‌ಗಳ ಕೋಚ್‌ಗಳು ಯಾರೂ ನೋಡದ ಹುಡುಗನನ್ನು ಹುಡುಕಿ, ಎರಡು ವರ್ಷ ತಿದ್ದಿ ತೀಡಿ ಬೆಳೆಸುತ್ತಾರೆ. ಬೆಳೆ ಕೈಗೆ ಬಂದಾಗ ದೊಡ್ಡ ಶಾಲೆ ಕೊಯ್ದುಕೊಂಡು ಹೋಗುತ್ತದೆ. ವಿಶ್ವದ ಇನ್ನೊಂದು ಫುಟ್‌ಬಾಲ್‌ನಲ್ಲಿ, ಅಂದರೆ ಸಾಕರ್‌ನಲ್ಲಿ, ಹುಡುಗನನ್ನು ಬೆಳೆಸಿದ ಕ್ಲಬ್‌ಗಳಿಗೆ ತರಬೇತಿ ಪರಿಹಾರ ಕೊಡುವ ನಿಯಮವನ್ನು ಫಿಫಾ ಇಟ್ಟುಕೊಂಡಿದೆ. ಅದನ್ನೇ ಇಲ್ಲಿಗೆ ತನ್ನಿ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಆಟಗಾರನ ತಲೆಯ ಮೇಲೆ ಶುಲ್ಕ ಇಟ್ಟರೆ ಆ ಶುಲ್ಕ ಅವನ ಸಂಭಾವನೆಯಿಂದಲೇ ಕಡಿತವಾಗುತ್ತದೆ, ಸಾಧಾರಣ ಆಟಗಾರನನ್ನು ಕರೆಯಲು ಯಾರೂ ಮುಂದೆ ಬರುವುದಿಲ್ಲ. ಕೊಡುವುದಿದ್ದರೆ ಪ್ಲೇಆಫ್ ಪ್ರಸಾರದ ಹಣದಿಂದ ಕೊಡಿ. ಆ ಹಣದ ಬಹುಪಾಲು ಬಿಗ್ ಟೆನ್ ಮತ್ತು ಎಸ್‌ಇಸಿ ಎಂಬ ಎರಡು ದೊಡ್ಡ ಕಾನ್ಫರೆನ್ಸ್‌ಗಳಿಗೆ ಹೋಗುತ್ತಿದೆ. ಮೇಲಿನ ಹಂತಕ್ಕೆ ಆಟಗಾರರನ್ನು ಬೆಳೆಸಿ ಕಳಿಸಿದ ಶಾಲೆಗಳ ಶೈಕ್ಷಣಿಕ ಸಲಹಾ ಕೇಂದ್ರಗಳಿಗೆ ಅದರಲ್ಲೊಂದು ಪಾಲು ಮೀಸಲಿಡಿ.

ಪೋರ್ಟಲ್ ಬಿಟ್ಟೇ ಹೋಗುವ ದಾರಿಯೂ ಈಗ ತೆರೆದಿದೆ ಎಂಬುದು ನಿಮಗೆ ಗೊತ್ತು. 2025ರ ಜನವರಿಯಲ್ಲಿ ಝೇವಿಯರ್ ಲ್ಯೂಕಸ್ ಎಂಬ ಆಟಗಾರ ತನ್ನ ಹೆಸರು ಪೋರ್ಟಲ್‌ಗೆ ಸೇರದಿದ್ದರೂ ವಿಸ್ಕಾನ್ಸಿನ್ ಬಿಟ್ಟು ಮಿಯಾಮಿಗೆ ವಿದ್ಯಾರ್ಥಿಯಾಗಿ ಸೇರಿಕೊಂಡ, ಜೂನ್‌ನಲ್ಲಿ ವಿಸ್ಕಾನ್ಸಿನ್ ಮಿಯಾಮಿಯ ಮೇಲೆ ಮೊಕದ್ದಮೆ ಹೂಡಿತು. ಕಿಟಕಿಯನ್ನು ಕಿರಿದು ಮಾಡಿದಷ್ಟೂ ಜನ ಗೋಡೆ ಹಾರುತ್ತಾರೆ, ಎರಡು ಶಾಲೆಗಳು ನ್ಯಾಯಾಲಯದಲ್ಲಿ ಕೂರುತ್ತವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಹೊಸ ಮಸೂದೆಯಾಗಲಿ ನ್ಯಾಯಾಲಯದ ಅಪ್ಪಣೆಯಾಗಲಿ ಬೇಡದ ಕೆಲಸಗಳನ್ನೇ ಕೇಳುತ್ತೇವೆ.

ಮೊದಲನೆಯದು, ಬರುವ ನವೆಂಬರ್ 15ರೊಳಗೆ ಪ್ರತಿ ಶಾಲೆ ತನ್ನ ಪ್ರತಿ ಆಟಗಾರನಿಗೂ, ಹೋಗಲಿ ಬಿಡಲಿ, ಒಂದು ಕ್ರೆಡಿಟ್ ಹಾಳೆ ಕೊಡಲಿ. ಅದರಲ್ಲಿ ಪಾಸಾದ ಕ್ರೆಡಿಟ್, ಪದವಿಗೆ ಅನ್ವಯಿಸಿದ ಕ್ರೆಡಿಟ್, ಸಿ ಗಿಂತ ಕಡಿಮೆ ಬಂದ ಕೋರ್ಸ್‌ಗಳು, ಮುಂದಿನ ಆಗಸ್ಟ್‌ಗೆ ಬೇಕಾದ ಶೇಕಡಾವಾರು ಇರಲಿ, ಜತೆಗೆ ಪ್ರತಿ ಕೋರ್ಸಿನ ಸಿಲಬಸ್ ಸೇರಿರಲಿ. ಪೋರ್ಟಲ್‌ನ ಅದೇ ಸಾಲಿನಲ್ಲಿ, ಆಟಗಾರ ಒಪ್ಪಿದರೆ, ಈ ಹಾಳೆ ಸೇರಿಸಲು ಇನ್ನೊಂದು ಅಂಕಣ ಸಾಕು.

ಎರಡನೆಯದು, ಹಾಳೆ ಸಿಕ್ಕ ಹೊಸ ಶಾಲೆ ಐದು ಕೆಲಸದ ದಿನಗಳಲ್ಲಿ, ಹುಡುಗ ಸಹಿ ಹಾಕುವ ಮುನ್ನ, ಅವನು ಹೆಸರಿಸಿದ ಪದವಿಗೆ ಎಷ್ಟು ಅನ್ವಯವಾಗುತ್ತದೆ ಎಂದು ರಿಜಿಸ್ಟ್ರಾರ್ ಸಹಿಯೊಂದಿಗೆ ಬರೆದುಕೊಡಲಿ. ಆಮೇಲೆ ಆ ಸಂಖ್ಯೆ ಕಡಿಮೆಯಾದರೆ, ಕೊರತೆಯ ಕೋರ್ಸ್‌ಗಳ ಬೇಸಿಗೆ ಶುಲ್ಕ ಆ ಶಾಲೆಯದೇ. ಕ್ರೆಡಿಟ್ ಬರೆದುಕೊಡದ ಶಾಲೆಗೆ ಸಹಿ ಹಾಕಿಸಿಕೊಳ್ಳುವ ಹಕ್ಕೂ ಬೇಡ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರದಲ್ಲಿ ಇದಕ್ಕಾಗಿ ಒಬ್ಬ ಮೌಲ್ಯಮಾಪಕ, ದೊಡ್ಡ ವಿಭಾಗಗಳಿಗೆ ಒಬ್ಬೊಬ್ಬ ಪ್ರಾಧ್ಯಾಪಕರು ಸಂಬಳದ ಮೇಲೆ ಕೂತರೆ ಆಗುವ ಕೆಲಸ. ಜನರಲ್ ಮ್ಯಾನೇಜರ್, ವಿಡಿಯೊ ವಿಶ್ಲೇಷಕರು, ಆಟಗಾರರ ಶೋಧಕರು ಎಂದು ಪಡೆಯನ್ನೇ ಇಟ್ಟುಕೊಂಡ ತಂಡಗಳಿಗೆ ಇದು ಭಾರವಲ್ಲ.

ಮೂರನೆಯದು, ಪೋರ್ಟಲ್‌ಗೆ ಹೆಸರು ಕೊಟ್ಟವನ ವಿದ್ಯಾರ್ಥಿವೇತನವನ್ನು ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ, ಅಥವಾ ಅವನು ಬೇರೆಡೆ ಸಹಿ ಹಾಕುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮುಟ್ಟಬೇಡಿ. ತಂಡದ 105ರಲ್ಲಿ ಅವನ ಜಾಗ ಖಾಲಿಯೆಂದು ಎಣಿಸಿಕೊಳ್ಳಿ, ಅಡ್ಡಿಯಿಲ್ಲ. ತರಗತಿಯ ಕುರ್ಚಿ ಅವನದೇ ಇರಲಿ.

ನಾಲ್ಕನೆಯದು, ಪ್ರತಿ ಜೂನ್ 30ಕ್ಕೆ ಶಾಲಾವಾರು ಲೆಕ್ಕ ಪ್ರಕಟಿಸಿ: ಎಷ್ಟು ಜನ ಹೋದರು, ಎಷ್ಟು ಜನಕ್ಕೆ ಜಾಗ ಸಿಕ್ಕಿತು, ಎಷ್ಟು ಜನ ಎಲ್ಲೂ ಸೇರಲಿಲ್ಲ, ಬಂದವರಲ್ಲಿ ಸರಾಸರಿ ಎಷ್ಟು ಕ್ರೆಡಿಟ್ ಬಿದ್ದುಹೋದವು, ಎಷ್ಟು ಜನ ಪದವಿಯ ವಿಷಯ ಬದಲಿಸಬೇಕಾಯಿತು. ಮೂರು ಸ್ಥಿತಿಗಳ ಕಾಲಂ ನಿಮ್ಮ ಪಟ್ಟಿಯಲ್ಲಿ ಈಗಲೇ ಇದೆ. ಹೈಸ್ಕೂಲ್ ಹುಡುಗನ ಮನೆಯಲ್ಲಿ ಕೂತು ಕೋಚ್ ಮಾತಾಡುವಾಗ ತಾಯಿ ತಂದೆ ಆ ಶಾಲೆಯ ಸಾಲನ್ನು ತೆರೆದು ನೋಡುವಂತಾಗಲಿ.

ಕ್ಯಾಲೆಂಡರ್ ಬಗ್ಗೆ: ಹೈಸ್ಕೂಲ್ ಸಹಿಯನ್ನು ಡಿಸೆಂಬರ್ ಮೊದಲ ವಾರದಿಂದ ಪೋರ್ಟಲ್ ಮುಚ್ಚಿದ ನಂತರಕ್ಕೆ, ಹಿಂದೆ ಇದ್ದಂತೆ ಫೆಬ್ರುವರಿ ಮೊದಲ ಬುಧವಾರಕ್ಕೆ ತನ್ನಿ. ಜನವರಿಯಲ್ಲೇ ಕಾಲೇಜು ಸೇರಬೇಕೆನ್ನುವ ಹೈಸ್ಕೂಲ್ ಹುಡುಗರಿಗೆ ಮಾತ್ರ ಮೊದಲು ಸಹಿ ಹಾಕುವ ವಿನಾಯಿತಿ ಇರಲಿ. ಫೈನಲ್ ತಂಡಗಳ ಐದು ದಿನಗಳಲ್ಲಿ ಬಂದವರಿಗೆ ಎರಡನೇ ಅರ್ಧ ಸೆಮಿಸ್ಟರ್‌ನ ಎಂಟು ವಾರದ ಕೋರ್ಸ್‌ಗಳಲ್ಲಿ ಸೇರಲು ಅವಕಾಶವನ್ನು ಹೊಸ ಶಾಲೆಗಳು ಮೊದಲೇ ಕಾಯ್ದಿರಿಸಲಿ.

ಆಟಗಾರರ ತಾಯಿ ತಂದೆಯರಿಗೂ ಒಂದು ಮಾತು. ನಿಯಮ ಬದಲಾಗುವವರೆಗೆ ಕಾಯಬೇಡಿ. ಕಂಪ್ಲಯನ್ಸ್ ಕಚೇರಿಗೆ ಲಿಖಿತ ಸೂಚನೆ ಕೊಡುವ ಮುನ್ನವೇ ಅಧಿಕೃತ ಅಂಕಪಟ್ಟಿಯನ್ನೂ ಸಿಲಬಸ್‌ಗಳನ್ನೂ ತೆಗೆದಿಟ್ಟುಕೊಳ್ಳಿ. ಕರೆ ಮಾಡಿದ ಕೋಚ್‌ಗೆ ಎಷ್ಟು ಸ್ನ್ಯಾಪ್, ಎಷ್ಟು ದುಡ್ಡು ಎಂದು ಕೇಳುವುದರ ಜತೆಗೇ, ನನ್ನ ಮಗನ 75ರಲ್ಲಿ ನಿಮ್ಮಲ್ಲಿ ಎಷ್ಟು ಉಳಿಯುತ್ತದೆ ಎಂದು ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಉತ್ತರ ಬರುವವರೆಗೆ ಸಹಿ ಬೇಡ.

ಇಂತಿ ತಮ್ಮ ವಿಶ್ವಾಸಿಗಳು,
ಅಮೆರಿಕದಲ್ಲಿ ನೆಲೆಸಿರುವ, ಕಾಲೇಜು ಫುಟ್‌ಬಾಲ್‌ನ ನಿಯಮಾವಳಿ ಬಲ್ಲ ಕೆಲವು ಕನ್ನಡಿಗರು